ಬಾಯಿ ಮುಚ್ಚಿದರೆ ಕಿವಿಯಲ್ಲಿ ಗಂಟು, ತೆರೆದರೆ ಮಾಯ: ದವಡೆ ಕೀಲು ಕಿವಿಯೊಳಗೆ ಇಣುಕುವ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ಮಾತು ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಗಾಡಿ ಓಡಿಸ್ತಾ ಇದ್ರೆ ಬೇಡ, ಮನೇಲಿ ಕೂತಿದ್ರೆ ಮಾತ್ರ. ಎರಡೂ ಕಿರುಬೆರಳನ್ನ ಮೆಲ್ಲಗೆ ಕಿವಿ ತೂತಿನ ಬಾಯಲ್ಲಿಟ್ಟು, ಮುಖದ ಕಡೆಗೆ ಸ್ವಲ್ಪ ಒತ್ತಿ ಹಿಡೀರಿ. ಈಗ ಬಾಯಿ ತೆಗೀರಿ, ಮುಚ್ಚಿ. ಇನ್ನೊಂದು ಸಲ. ಬೆರಳ ತುದಿಗೆ ಏನೋ ಅಲ್ಲಾಡಿದ ಹಾಗೆ ಆಯ್ತಲ್ವಾ? ಅದೇ ನಿಮ್ಮ ದವಡೆ ಕೀಲು. ಕಿವಿಗೂ ದವಡೆಗೂ ಇಷ್ಟೇ ದೂರ. ನಡುವೆ ಇರೋದು ಒಂದು ತೆಳು ಮೂಳೆಯ ಗೋಡೆ.

ಆ ಗೋಡೆಯಲ್ಲಿ ಒಂದು ತೂತು ಇದ್ರೆ? ದವಡೆ ಕೀಲಿನ ಹಿಂದಿರೋ ಮೆತ್ತನೆಯ ಭಾಗ ಆ ತೂತಿನಿಂದ ಕಿವಿಯೊಳಗೆ ಇಣುಕಿದ್ರೆ? ಇವತ್ತಿನ ವಿಷಯ ಅದು. ವೈದ್ಯರು ಇದನ್ನ ದವಡೆ ಕೀಲಿನ ಹರ್ನಿಯಾ ಅಂತಾರೆ. ಹರ್ನಿಯಾ ಅಂದ್ರೆ ನಮಗೆಲ್ಲ ಹೊಟ್ಟೆ, ತೊಡೆಸಂದು ನೆನಪಾಗುತ್ತೆ. ಅರ್ಥ ಎರಡೂ ಕಡೆ ಒಂದೇ. ಒಳಗಿರಬೇಕಾದ್ದು ಗೋಡೆ ಸಡಿಲ ಇರೋ ಜಾಗದಿಂದ ಪಕ್ಕದ ಜಾಗಕ್ಕೆ ನುಗ್ಗೋದು.

ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಈ ವಿಷಯ ನನ್ನ ಕೈಗೆ ಬಂದದ್ದು ನಮ್ಮ ಚಿಕ್ಕಮ್ಮನಿಂದ. ಅವರದು ಅರಕಲಗೂಡು ತಾಲ್ಲೂಕು, ರಾಮನಾಥಪುರದ ಕಡೆ ಒಂದು ಹಳ್ಳಿ. ವಯಸ್ಸು ಐವತ್ತು ದಾಟಿದೆ. ಅವರನ್ನ ಕೇಳಿಯೇ ಹೇಳ್ತಾ ಇದೀನಿ. "ಹೆಸರು ಹಾಕ್ಬೇಡ ಕಣಪ್ಪ, ಮಿಕ್ಕಿದ್ದೆಲ್ಲ ಹೇಳು, ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದ್ರು.

ಅವರ ತೊಂದರೆ ಶುರುವಾಗಿದ್ದು ಊಟದ ಹೊತ್ತಲ್ಲಿ. ಅಗಿಯುವಾಗ ಬಲಗಿವಿಯಲ್ಲಿ 'ಟಕ್ ಟಕ್' ಸದ್ದು. ಆಮೇಲೆ ಕಿವಿ ತುಂಬಿಕೊಂಡ ಹಾಗೆ, ನೀರು ಹೊಕ್ಕ ಹಾಗೆ. ಕೆಲವು ತಿಂಗಳಾದ ಮೇಲೆ ಊಟ ಮಾಡುವಾಗಲೇ ಕಿವಿಯಿಂದ ತೆಳ್ಳಗೆ ನೀರಿನಂಥದ್ದು ಸೋರೋಕೆ ಶುರುವಾಯ್ತು. ಕೀವಲ್ಲ, ವಾಸನೆ ಇಲ್ಲ, ಜ್ವರ ಇಲ್ಲ. ಊಟ ಮುಗಿದ್ರೆ ಸೋರೋದೂ ನಿಲ್ಲೋದು. ಇದನ್ನ ಕೇಳಿದವರು ನಗ್ತಾ ಇದ್ರು. "ಬಾಯಲ್ಲಿ ತಿಂದ್ರೆ ಕಿವೀಲಿ ಸೋರುತ್ತಾ?" ಅಂತ. ಹೊಟ್ಟೆಗೆ ತಾಗಿದ್ದು ಆ ನಗು. ಮದುವೆ, ಗೃಹಪ್ರವೇಶ, ತಿಥಿ, ಎಲ್ಲಿಗೂ ಊಟಕ್ಕೆ ಕೂರೋದನ್ನೇ ಬಿಟ್ಟರು. ಪಂಕ್ತಿಯಲ್ಲಿ ಎಲೆ ಮುಂದೆ ಕೂತು ಸೆರಗಲ್ಲಿ ಕಿವಿ ಒರೆಸ್ಕೊಳ್ಳೋದು ಹೇಗೆ ಹೇಳಿ? ಒಡಹುಟ್ಟಿದ ಅಣ್ಣನ ಮಗಳ ಮದುವೆಯಲ್ಲೂ ಧಾರೆ ಮುಗಿದ ತಕ್ಷಣ ಬಸ್ ಹತ್ತಿದ್ರು. ಅಕ್ಷತೆ ಹಾಕಿ ಊಟ ಮಾಡದೆ ಹೋದ್ರು ಅಂತ ನೆಂಟರು ಮುನಿಸಿಕೊಂಡ್ರು. ಯಾಕೆ ಅಂತ ಅವರು ಯಾರಿಗೂ ಹೇಳಲಿಲ್ಲ.

ಸರಿ, ಮೊದಲು ಆ ತೂತು ಎಲ್ಲಿಂದ ಬರುತ್ತೆ ನೋಡೋಣ.

ಹುಟ್ಟಿದ ಮಗುವಿನ ಕಿವಿ ನಾಳಕ್ಕೆ ಪೂರ್ತಿ ಮೂಳೆಯ ಗೋಡೆ ಇರೋದಿಲ್ಲ. ಮೇಲ್ಭಾಗ ತೆರೆದ ಬಳೆಯಂಥ ಒಂದು ಮೂಳೆ ಇರುತ್ತೆ, ಅಷ್ಟೇ. ಮೊದಲ ವರ್ಷದಲ್ಲಿ ಆ ಬಳೆಯ ಮುಂದಿನಿಂದ ಒಂದು, ಹಿಂದಿನಿಂದ ಒಂದು ಮೂಳೆ ಬೆಳೆದು ಬಂದು ಕೂಡಿಕೊಳ್ಳುತ್ತವೆ. ಕೂಡುವಾಗ ನಾಳದ ತಳದಲ್ಲಿ, ಮುಂಭಾಗಕ್ಕೆ, ಒಂದು ಸಣ್ಣ ತೂತು ಉಳಿಯುತ್ತೆ. ಸಾಮಾನ್ಯವಾಗಿ ಮಗುವಿಗೆ ಐದು ವರ್ಷ ತುಂಬೋ ಹೊತ್ತಿಗೆ ಅದೂ ಮುಚ್ಚಿಹೋಗುತ್ತೆ. 1797ರಲ್ಲಿ ಹುಟ್ಟಿದ ಎಮಿಲ್ ಹುಶ್ಕೆ ಅನ್ನೋ ಜರ್ಮನ್ ಅಂಗರಚನಾ ತಜ್ಞರ ಹೆಸರಲ್ಲಿ ಇದಕ್ಕೆ 'ಹುಶ್ಕೆ ತೂತು', ಅಂದ್ರೆ 'ಫೊರಾಮೆನ್ ಆಫ್ ಹುಶ್ಕೆ' ಅಂತ ಕರೀತಾರೆ.

ಕೆಲವರಲ್ಲಿ ಅದು ಮುಚ್ಚೋದಿಲ್ಲ. 2005ರಲ್ಲಿ ಪ್ರಕಟವಾದ ಒಂದು ಸಿ.ಟಿ. ಸ್ಕ್ಯಾನ್ ಅಧ್ಯಯನದಲ್ಲಿ 130 ಕಿವಿ ನೋಡಿದಾಗ 6ರಲ್ಲಿ ತೂತು ಸಿಕ್ಕಿತ್ತು, ಅಂದ್ರೆ 4.6 ಪರ್ಸೆಂಟ್. ಬೇರೆ ಅಧ್ಯಯನಗಳಲ್ಲಿ ಇದಕ್ಕಿಂತ ಹೆಚ್ಚೂ ಸಿಕ್ಕಿದೆ. ಇಲ್ಲಿ ಒಂದು ಲೆಕ್ಕ ಸರಿಯಾಗಿ ಅರ್ಥ ಮಾಡ್ಕೋಬೇಕು. ತೂತು ಇರೋದು ಅಷ್ಟೇನೂ ಅಪರೂಪ ಅಲ್ಲ. ಆ ತೂತಿನಿಂದ ಕೀಲಿನ ಭಾಗ ಹೊರಬಂದು ತೊಂದರೆ ಕೊಡೋದು ಮಾತ್ರ ತುಂಬಾ ಅಪರೂಪ. ತೂತು ಇರೋ ಬಹಳ ಜನಕ್ಕೆ ಅದು ಇದೆ ಅಂತ ಜೀವನಪೂರ್ತಿ ಗೊತ್ತೇ ಆಗಲ್ಲ.

ಹುಟ್ಟಿನಿಂದ ಬಂದ ತೂತು ಒಂದೇ ಕಾರಣವೂ ಅಲ್ಲ. ಬೈಕಿಂದ ಬಿದ್ದು ಗದ್ದಕ್ಕೆ ಪೆಟ್ಟಾದ್ರೆ ದವಡೆ ಮೂಳೆ ಹಿಂದಕ್ಕೆ ಗುದ್ದಿ ಇದೇ ಗೋಡೆ ಮುರೀಬಹುದು. ಗದ್ದಕ್ಕೆ ಪೆಟ್ಟಾಗಿ ಕಿವಿಯಿಂದ ರಕ್ತ ಬಂದ್ರೆ ಹೊಲಿಗೆ ಹಾಕಿಸ್ಕೊಂಡು ಮನೆಗೆ ಬರಬೇಡಿ, ದವಡೆಯನ್ನೂ ಕಿವಿಯನ್ನೂ ಎರಡನ್ನೂ ತೋರಿಸಿ. ಹಳೆಯ ಕಿವಿ ಆಪರೇಷನ್‌ನಲ್ಲಿ ಮೂಳೆ ಕೊರೆದಿದ್ರೆ, ಗಡ್ಡೆ ಇದ್ರೆ, ಜೋರಾದ ಸೋಂಕು ಮೂಳೆಯನ್ನೇ ತಿಂದಿದ್ರೆ, ಆಗಲೂ ಗೋಡೆ ಹೋಗುತ್ತೆ. ವಯಸ್ಸಾದ ಸಕ್ಕರೆ ಕಾಯಿಲೆಯವರಿಗೆ ರಾತ್ರಿ ನಿದ್ದೆ ಕೊಡದ ಹಾಗೆ ಕಿವಿ ನೋವು, ಜೊತೆಗೆ ಸೋರಿಕೆ ಇದ್ರೆ ಅದು ಬೇರೆಯದೇ ತುರ್ತು. ಮುಖ ಒಂದು ಕಡೆ ವಾಲಿದ್ರಂತೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈಗ ಲಕ್ಷಣಗಳು. ಅಗಿಯುವಾಗ, ಮಾತಾಡುವಾಗ, ಆಕಳಿಸುವಾಗ ಕಿವಿಯೊಳಗೆ ಟಕ್ ಅನ್ನೋ ಸದ್ದು. ಕಿವಿ ನೋವು. ಕಿವಿ ಕಟ್ಟಿದ ಹಾಗೆ ಅನ್ನಿಸೋದು. ಗುಂಯ್ ಅನ್ನೋದು. ಸ್ವಲ್ಪ ಕಿವಿ ಮಂದ ಆಗೋದು. ಕೆಲವರಿಗೆ ತಿಳಿಯಾದ ನೀರು ಬರೋದು. ಈ ನೀರು ಕೀಲಿನ ಜಿಡ್ಡು ನೀರಾಗಿರಬಹುದು, ಪಕ್ಕದ ಕೆನ್ನೆಯ ಗ್ರಂಥಿಯಿಂದ ದಾರಿ ಮಾಡ್ಕೊಂಡು ಬಂದ ಜೊಲ್ಲೂ ಆಗಿರಬಹುದು. ಎಲ್ಲರಿಗೂ ಎಲ್ಲ ಲಕ್ಷಣ ಇರೋದಿಲ್ಲ. ಒಂದು ಮಾತು ನೆನಪಿಟ್ಟುಕೊಳ್ಳಿ. ಲಕ್ಷಣ ಏನೇ ಇರಲಿ, ಅದು ದವಡೆ ಅಲ್ಲಾಡಿದಾಗ ಬದಲಾಗುತ್ತಾ? ಸಾಮಾನ್ಯ ಕಿವಿ ಸೋರುವಿಕೆಗೆ ಊಟದ ಟೈಮ್ ಗೊತ್ತಿರಲ್ಲ. ಇದಕ್ಕೆ ಗೊತ್ತಿರುತ್ತೆ.

ಚಿಕ್ಕಮ್ಮನಿಗೆ ಏನೇನು ಆಯ್ತು ಹೇಳ್ತೀನಿ. ಮೊದಲು ಮನೆ ಮದ್ದು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರು. ಆಮೇಲೆ ಯಾರೋ ಹೇಳಿದ ಸೊಪ್ಪಿನ ರಸ. ಆಮೇಲೆ ಕ್ಲಿನಿಕ್‌ಗಳು. ನಾನು ಲೆಕ್ಕದ ಮನುಷ್ಯ, ಅವರ ಪ್ಲಾಸ್ಟಿಕ್ ಕವರ್ ತಂದು ಚೀಟಿಗಳನ್ನೆಲ್ಲ ಜೋಡಿಸಿ ನೋಡಿದೆ. ಮೂರು ವರ್ಷಕ್ಕೆ ಹದಿನಾಲ್ಕು ಚೀಟಿ. ಹನ್ನೊಂದರಲ್ಲಿ ಕಿವಿಗೆ ಹಾಕೋ ಡ್ರಾಪ್ಸ್, ಆರರಲ್ಲಿ ಆಂಟಿಬಯೋಟಿಕ್ ಮಾತ್ರೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಉಳೀತು ನಿಜ, ಆದ್ರೆ ಪ್ರತಿ ಸಲ ಒಂದು ದಿನದ ಕೂಲಿ ಹೋಗಿದೆ, ಅದು ಯಾವ ಬಿಲ್ಲಲ್ಲೂ ಇಲ್ಲ. ಹದಿನಾಲ್ಕು ಚೀಟಿಯಲ್ಲಿ ಒಂದರಲ್ಲೂ 'ಊಟ ಮಾಡುವಾಗ' ಅನ್ನೋ ಪದ ಇರಲಿಲ್ಲ. ಇವರು ಹೇಳಿದ್ರು, ಬರೆದವರಿಲ್ಲ.

ಕೊನೆಗೆ ಒಂದು ಖಾಸಗಿ ಕ್ಲಿನಿಕ್‌ನಲ್ಲಿ, ಯಾವುದು ಅಂತ ಬೇಡ, "ಕಿವೀಲಿ ದುರ್ಮಾಂಸ ಬೆಳೆದಿದೆ, ಇಲ್ಲೇ ಕತ್ತರಿಸಿ ಪರೀಕ್ಷೆಗೆ ಕಳಿಸೋಣ" ಅಂದರಂತೆ. ದುರ್ಮಾಂಸ ಅಂದ ತಕ್ಷಣ ಮನೆಯಲ್ಲಿ ಎಲ್ಲರ ತಲೆಗೆ ಹೋಗಿದ್ದು ಒಂದೇ ಪದ, ಕ್ಯಾನ್ಸರ್. ಆ ರಾತ್ರಿ ಚಿಕ್ಕಮ್ಮ ನನಗೆ ಫೋನ್ ಮಾಡಿ ಕೇಳಿದ್ದು ಕಾಯಿಲೆ ಬಗ್ಗೆ ಅಲ್ಲ. ಮಗಳ ಹೆಸರಿಗೆ ಇಟ್ಟಿದ್ದ ಡಿಪಾಸಿಟ್ ಮುರಿದ್ರೆ ಎಷ್ಟು ಸಿಗುತ್ತೆ ಅಂತ.

ಇಲ್ಲಿ ಸ್ವಲ್ಪ ನಿಧಾನಕ್ಕೆ ಕೇಳಿ. ಕಿವಿಯೊಳಗೆ ಕಾಣೋ ಎಲ್ಲ ಗಂಟೂ ಒಂದೇ ಅಲ್ಲ. ಪಾಲಿಪ್ ಇರಬಹುದು, ಮೂಳೆ ಉಬ್ಬು ಇರಬಹುದು, ಸೋಂಕಿನ ಊತ ಇರಬಹುದು, ಗಡ್ಡೆಯೂ ಇರಬಹುದು. ಕತ್ತರಿಸಿ ಪರೀಕ್ಷೆ ಮಾಡೋದು ಎಷ್ಟೋ ಸಲ ಬೇಕೇ ಬೇಕು. ಆದ್ರೆ ಅದು ದವಡೆ ಕೀಲಿನ ಹರ್ನಿಯಾ ಆಗಿದ್ರೆ, ಕತ್ತರಿ ಬೀಳೋದು ಕೀಲಿನ ಮೇಲೆ. ಕಿವಿಗೂ ಕೀಲಿಗೂ ತೆರೆದ ದಾರಿ ಆಗಿ, ಕೀಲಿನ ನೀರು ಸೋರುತ್ತಾ ಇರಬಹುದು, ಕಿವಿಯ ಸೋಂಕು ಕೀಲಿಗೆ ಇಳಿಯಬಹುದು. ಅದಕ್ಕೇ ಕಿವಿಯ ಮುಂಗೋಡೆಯಲ್ಲಿ ಗಂಟಿದ್ರೆ, ಕತ್ತರಿಗೆ ಮುಂಚೆ ಸ್ಕ್ಯಾನ್.

ಹಾಗಾದ್ರೆ ಪತ್ತೆ ಹೇಗೆ? ಮೊದಲ ಹೆಜ್ಜೆಗೆ ಯಾವ ದೊಡ್ಡ ಮಷೀನೂ ಬೇಡ. ಇ.ಎನ್.ಟಿ. ಡಾಕ್ಟರ್ ಕಿವಿಗೆ ಬೆಳಕು ಬಿಟ್ಟು ನೋಡ್ತಾರಲ್ಲ, ಆಗ ಬಾಯಿ ಮುಚ್ಚಿ ಒಂದು ಸಲ, ಅಗಲವಾಗಿ ತೆಗೆದು ಒಂದು ಸಲ ನೋಡಬೇಕು. ಬಾಯಿ ಮುಚ್ಚಿದಾಗ ದವಡೆ ಮೂಳೆಯ ತಲೆ ಹಿಂದಕ್ಕೆ ಬಂದು ಗೂಡಲ್ಲಿ ಕೂರುತ್ತೆ, ಅದರ ಹಿಂದಿನ ಮೆತ್ತನೆಯ ಭಾಗ ತೂತಿನಿಂದ ಕಿವಿಗೆ ಉಬ್ಬುತ್ತೆ. ಬಾಯಿ ತೆಗೆದಾಗ ಮೂಳೆ ಮುಂದೆ ಸರಿಯುತ್ತೆ, ಉಬ್ಬು ಒಳಗೆ ಎಳೆದುಕೊಂಡು ಆ ಜಾಗದಲ್ಲಿ ಕುಳಿ ಬೀಳುತ್ತೆ. ಬೇರೆ ಗಂಟುಗಳು ಹೀಗೆ ಬಂದು ಹೋಗೋ ಆಟ ಆಡೋದಿಲ್ಲ.

ನಮ್ಮ ಕಷ್ಟ ಏನು ಗೊತ್ತಾ? ಡಾಕ್ಟರ್ ಮುಂದೆ ಕೂತಾಗ ನಾವು ಬಾಯಿ ಅರೆ ತೆರೆದುಕೊಂಡು ಮಾತಾಡ್ತಾನೇ ಇರ್ತೀವಿ. ಗಂಟು ಆಗ ಒಳಗೆ ಹೋಗಿರುತ್ತೆ. ಕಿವಿ ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತೆ. ಕೆಲವು ಸಲ ಕಾಣುತ್ತೆ, ಕೆಲವು ಸಲ ಕಾಣಲ್ಲ, ರೋಗಿಯೇ ಸುಳ್ಳು ಹೇಳಿದ ಹಾಗಾಗುತ್ತೆ.

ಚಿಕ್ಕಮ್ಮನನ್ನ ಹಾಸನಕ್ಕೆ ಕರೆದುಕೊಂಡು ಬಂದಾಗ ಅಲ್ಲಿನ ಇ.ಎನ್.ಟಿ. ವೈದ್ಯೆ ಕೇಳಿದ ಮೊದಲ ಪ್ರಶ್ನೆಯೇ, "ಅಮ್ಮಾ, ಯಾವಾಗ ಸೋರುತ್ತೆ?" ಆಮೇಲೆ ಸಣ್ಣ ಕ್ಯಾಮೆರಾ ಕಿವಿಗಿಟ್ಟು, "ಹಲ್ಲು ಕಚ್ಚಿ... ಈಗ ಆ ಅನ್ನಿ" ಅಂದ್ರು. ಪರದೆ ಮೇಲೆ ಗುಲಾಬಿ ಬಣ್ಣದ ಉಬ್ಬು ಬಂತು, ಹೋಯ್ತು. ಚಿಕ್ಕಮ್ಮ ಅದನ್ನ ನೋಡಿ, "ಅಯ್ಯೋ, ಬಾಗ್ಲು ತೆಗ್ದು ಹಾಕ್ದಂಗೆ ಐತಲ್ಲಮ್ಮ" ಅಂದ್ರು. ಮೂರು ವರ್ಷದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ್ದು ಅರ್ಧ ನಿಮಿಷದಲ್ಲಿ.

ಉಳಿದ ಅರ್ಧಕ್ಕೆ ಸ್ಕ್ಯಾನ್ ಬೇಕು. ಮಾಮೂಲಿ ತಲೆ ಸ್ಕ್ಯಾನ್ ಸಾಲದು. ಕಿವಿ ಮೂಳೆಯನ್ನ ತೆಳು ತೆಳು ಪದರವಾಗಿ ತೋರಿಸೋ ಸಿ.ಟಿ. ಬೇಕು. ಚೀಟಿಯಲ್ಲಿ 'ಎಚ್.ಆರ್.ಸಿ.ಟಿ. ಟೆಂಪೊರಲ್ ಬೋನ್' ಅಂತ ಬರೀತಾರೆ. ಜೊತೆಗೆ ದವಡೆ ಕೀಲಿನ ಅನುಮಾನ ಇದೆ, ಬಾಯಿ ಮುಚ್ಚಿ ಮತ್ತು ತೆರೆದು ಎರಡೂ ತೆಗೀಬೇಕು ಅಂತ ಬರೆದಿದ್ರೆ ಸ್ಕ್ಯಾನ್ ಓದೋರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತೆ. ತೂತು ಕೆಲವೇ ಮಿಲಿಮೀಟರ್ ಇರುತ್ತೆ, ಹುಡುಕದೇ ಇದ್ದವರ ಕಣ್ಣಿಗೆ ಬೀಳದೇ ಹೋಗಬಹುದು. ಹೊರಬಂದಿರೋದು ಏನು, ಕೀಲಿನ ಬಿಲ್ಲೆ ಹೇಗಿದೆ ಅಂತ ನೋಡೋಕೆ ಎಂ.ಆರ್.ಐ. ಬೇಕಾಗಬಹುದು. ಸೋರೋ ನೀರು ಜೊಲ್ಲೋ ಅಲ್ಲವೋ ಅಂತ ಲ್ಯಾಬಲ್ಲಿ ಅಮೈಲೇಸ್ ಪರೀಕ್ಷೆ ಮಾಡಿ ಹೇಳ್ತಾರೆ. ಕಿವಿ ಎಷ್ಟು ಕೇಳುತ್ತೆ ಅನ್ನೋ ಆಡಿಯೋಗ್ರಾಂ ಕೂಡ ಇರಲಿ, ಮುಂದೆ ಹೋಲಿಸೋಕೆ ಆಗುತ್ತೆ.

ಎಲ್ಲಿಗೆ ಹೋಗೋದು? ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಮೂರರಿಂದಲೂ ಹಾಸನ ಸುಮಾರು ಮೂವತ್ತು ನಲವತ್ತು ಕಿಲೋಮೀಟರ್. ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ತೋರಿಸಿ, ರೆಫರ್ ಚೀಟಿ ತಗೊಳ್ಳಿ. ಹಾಸನದಲ್ಲಿ ಹಿಮ್ಸ್, ಅಂದ್ರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ. ಇದು ಕಿವಿಯವರದೂ ಹೌದು, ದವಡೆಯವರದೂ ಹೌದು, ಹಾಗಾಗಿ ದಂತ ವೈದ್ಯರಲ್ಲಿ ದವಡೆ ಶಸ್ತ್ರಚಿಕಿತ್ಸೆ ಮಾಡೋರೂ ನೋಡಬೇಕಾಗುತ್ತೆ. ಊರಲ್ಲೇ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿದೆ. ಕಿವಿ ಕೇಳೋ ಪರೀಕ್ಷೆಗೆ ಮೈಸೂರಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿಗೇ ಹೋಗಬೇಕಾಗಿ ಬಂದ್ರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಶ್ರೀ ವೆಂಕಟೇಶ್ವರ ಇ.ಎನ್.ಟಿ. ಸಂಸ್ಥೆ ಇದೆ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್ ಸರ್ಕಾರ ಕೊಡುತ್ತೆ. ಹೆಚ್ಚಿನ ಕೇಸಲ್ಲಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ಖಾಸಗಿಗೆ ಹೋದ್ರೆ ಯೋಜನೆ ನಡೆಯಲ್ಲ. ಆಸ್ಪತ್ರೆಯಲ್ಲಿ 'ಆರೋಗ್ಯಮಿತ್ರ' ಅಂತ ಒಬ್ಬರು ಕೂತಿರ್ತಾರೆ. ಡಿಪಾಸಿಟ್ ಮುರಿಯೋಕೆ ಮುಂಚೆ, ಒಡವೆ ಅಡ ಇಡೋಕೆ ಮುಂಚೆ ಅವರ ಹತ್ರ ಒಂದು ಸಲ ಕೇಳಿ.

ಚಿಕಿತ್ಸೆ ಏನು? ತೊಂದರೆ ಕಮ್ಮಿ ಇದ್ರೆ ಏನೂ ಕತ್ತರಿಸೋ ಅಗತ್ಯ ಇಲ್ಲ. ಕಿವಿಗೆ ಎಣ್ಣೆ, ನೀರು ಹೋಗದ ಹಾಗೆ ನೋಡ್ಕೋಬೇಕು. ದವಡೆಗೆ ವಿಶ್ರಾಂತಿ ಕೊಡಬೇಕು. ಹಲ್ಲು ಕಡಿಯೋ ಅಭ್ಯಾಸ ಇದ್ರೆ ರಾತ್ರಿ ಹಾಕೋ ಹಲ್ಲಿನ ಕವಚ ಕೊಡ್ತಾರೆ. ತುಂಬಾ ಸೋರ್ತಾ ಇದ್ರೆ, ನೋವು ಬಿಡದೇ ಇದ್ರೆ, ಮತ್ತೆ ಮತ್ತೆ ಸೋಂಕಾದ್ರೆ ಆಪರೇಷನ್. ಕಿವಿಯದೇ ಮೃದ್ವಸ್ಥಿಯ ಚೂರಿನಿಂದಲೋ, ಟೈಟಾನಿಯಂ ಜಾಲರಿಯಂಥ ವಸ್ತುವಿನಿಂದಲೋ ತೂತು ಮುಚ್ಚುತ್ತಾರೆ. ನಿಮಗೆ ಈ ತೂತು ಇದೆ ಅಂತ ಗೊತ್ತಾದ್ರೆ ಆ ಸ್ಕ್ಯಾನ್ ಜೋಪಾನ ಮಾಡಿ. ಮುಂದೆ ಕಿವಿಗೋ ದವಡೆ ಕೀಲಿಗೋ ಬೇರೆ ಯಾವ ಆಪರೇಷನ್ ಇದ್ರೂ ಮೊದಲೇ ತೋರಿಸಬೇಕು. ದವಡೆ ಕೀಲಿಗೆ ದುರ್ಬೀನು ಹಾಕುವಾಗ ಅದು ಈ ತೂತಿನಿಂದ ಕಿವಿಗೆ ನುಗ್ಗೋ ಅಪಾಯ ಇರುತ್ತೆ.

ಇಷ್ಟೆಲ್ಲ ಕೇಳಿ, ದವಡೆ ಟಕ್ ಅನ್ನೋರೆಲ್ಲ ನಾಳೆ ಸ್ಕ್ಯಾನ್‌ಗೆ ಓಡಬೇಡಿ. ದವಡೆ ಸದ್ದು ಸಾಕಷ್ಟು ಜನಕ್ಕೆ ಇರುತ್ತೆ, ನೋವಿಲ್ಲ ಅಂದ್ರೆ ಬಹಳ ಸಲ ಏನೂ ಮಾಡಬೇಕಾಗಿಲ್ಲ. ಕಿವಿ ಸರಿ ಇದ್ದೂ ಕಿವಿ ನೋವು ಬರೋದಕ್ಕೆ ಹೆಚ್ಚಾಗಿ ಕಾರಣ ದವಡೆ ಸ್ನಾಯುಗಳ ಬಿಗಿತ, ಹುಳುಕು ಹಲ್ಲು, ಬುದ್ಧಿ ಹಲ್ಲು. ಇನ್ನೊಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ, ಬೀಡಿ ಅಭ್ಯಾಸ ಇರೋರಿಗೆ ಒಂದೇ ಕಿವಿ ವಾರಗಟ್ಟಲೆ ನೋಯ್ತಾ ಇದ್ದು, ಕಿವಿಯಲ್ಲಿ ಏನೂ ಕಾಣ್ತಾ ಇಲ್ಲ ಅಂದ್ರೆ, ಬಾಯಿ, ನಾಲಿಗೆ ಬುಡ, ಗಂಟಲು ಪರೀಕ್ಷೆ ಮಾಡಿಸಲೇಬೇಕು. ಗಂಟಲ ಕ್ಯಾನ್ಸರ್ ನೋವು ಕಿವಿಯಲ್ಲಿ ಕಾಣಿಸ್ಕೊಳ್ಳೋದುಂಟು. ಕಿವಿಗೆ ಡ್ರಾಪ್ಸ್ ಹಾಕ್ಕೊಂಡು ಕೂತರೆ ಅಲ್ಲಿ ಕಳೆದುಹೋಗೋದು ತಿಂಗಳುಗಳು.

ಚಿಕ್ಕಮ್ಮನಿಗೆ ಸ್ಕ್ಯಾನ್‌ನಲ್ಲಿ ತೂತು ಕಾಣಿಸ್ತು. ಗಡ್ಡೆ ಇಲ್ಲ. ಆಪರೇಷನ್ ಈಗ ಬೇಡ, ಆರು ತಿಂಗಳಿಗೊಮ್ಮೆ ಬನ್ನಿ ಅಂದಿದ್ದಾರೆ. ಮೆತ್ತಗಿನ ಊಟ ಮಾಡಿ ಅಂದಾಗ ಚಿಕ್ಕಮ್ಮ, "ಮುದ್ದೆ ತಿನ್ಬೋದಾ?" ಅಂತ ಕೇಳಿದ್ರು. ಮುದ್ದೆ ನುಂಗೋದು ತಾನೇ, ಅಗಿಯೋದಲ್ವಲ್ಲ, ಧಾರಾಳವಾಗಿ ತಿನ್ನಿ ಅಂದ್ರು ವೈದ್ಯೆ. ಬಿಡಬೇಕಾಗಿರೋದು ಹುರಿಗಾಳು, ಕೊಬ್ಬರಿ, ಕಬ್ಬು ಸಿಗಿಯೋದು, ಮೂಳೆ ಕಡಿಯೋದು. ಸೋರೋದು ಪೂರ್ತಿ ನಿಂತಿಲ್ಲ, ಕಮ್ಮಿ ಆಗಿದೆ. ಹೋದ ತಿಂಗಳು ಚನ್ನರಾಯಪಟ್ಟಣದಲ್ಲಿ ನೆಂಟರ ಮನೆ ಗೃಹಪ್ರವೇಶ ಇತ್ತು. ಎರಡನೇ ಪಂಕ್ತಿಯಲ್ಲಿ ಕೂತು ಊಟ ಮಾಡಿದ್ರು. ಕಿವಿಗೆ ಹತ್ತಿ ಇಟ್ಟಿದ್ರು. ಪಕ್ಕದವರು "ಏನದು?" ಅಂದಿದ್ದಕ್ಕೆ, "ದವಡೆ ಕೀಲು ಕಿವೀಗ್ ಬಂದೈತಂತೆ, ಅಂಟೋ ಕಾಯಿಲೆ ಅಲ್ಲ, ಉಣ್ಣಿ" ಅಂದ್ರಂತೆ.

ನಿಮ್ಮಲ್ಲಿ ಯಾರಿಗಾದ್ರೂ ಹೀಗಿದ್ರೆ ಡಾಕ್ಟರ್ ಹತ್ರ ಹೋದಾಗ ಕೂತ ತಕ್ಷಣ ಇಷ್ಟು ಹೇಳಿ: "ಅಗಿಯುವಾಗ ಕಿವಿಯಲ್ಲಿ ಹೀಗಾಗುತ್ತೆ, ಬಾಯಿ ಮುಚ್ಚಿ ಒಂದು ಸಲ, ತೆಗೆದು ಒಂದು ಸಲ ನೋಡ್ತೀರಾ?" ಕೇಳೋದಕ್ಕೆ ಸಂಕೋಚ ಬೇಡ. ಮನೆಯಲ್ಲಿ ಹಿರಿಯರು ಹೀಗೆ ಹೇಳಿದ್ರೆ ನಗಬೇಡಿ, ಎಷ್ಟು ದಿನದಿಂದ, ಯಾವ ಹೊತ್ತಲ್ಲಿ ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಹಳೆ ಚೀಟಿಗಳನ್ನ ಎಸೀಬೇಡಿ, ತಾರೀಖಿನ ಪ್ರಕಾರ ಜೋಡಿಸಿ ಒಂದು ಫೈಲ್ ಮಾಡಿ ತಗೊಂಡು ಹೋಗಿ.

ಇವತ್ತಿಗೆ ಇಷ್ಟು. ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ಕಿವಿಗೆ ಎಣ್ಣೆ ಬಿಡಬೇಡಿ. ನಮಸ್ಕಾರ.